ಮುಳುಗಿದವನ ಗುರುತು, ಹೆಣೆದವಳ ಹೆಸರು

ಐರ್ಲೆಂಡಿನ ಪಡುವಣ ಕರೆಯಲ್ಲಿ, ಗಾಲ್ವೆ ಕೊಲ್ಲಿಯ ಬಾಯಿಗೆ ಅಡ್ಡಲಾಗಿ, ಅರಾನ್ ಎಂಬ ಮೂರು ಸಣ್ಣ ದ್ವೀಪಗಳಿವೆ. ಬರಿಯ ಸುಣ್ಣಕಲ್ಲಿನ ನೆಲ. ಮಣ್ಣಿಲ್ಲದ ಬಂಡೆಯ ಮೇಲೆ ಮರಳನ್ನೂ ಕಡಲಪಾಚಿಯನ್ನೂ ಹೊತ್ತು ತಂದು ಹರವಿ, ಅದನ್ನೇ ಹೊಲ ಮಾಡಿಕೊಂಡು ಆಲೂಗಡ್ಡೆ ಬೆಳೆದ ಜನ ಅಲ್ಲಿಯವರು. ಇಷ್ಟು ಚಿಕ್ಕ ನೆಲದ ಹೆಸರು ಲೋಕವೆಲ್ಲ ಹಬ್ಬಿರುವುದು ಮುಖ್ಯವಾಗಿ ಒಂದು ಉಡುಪಿನಿಂದ. ಬಣ್ಣ ಹಾಕದ ಕೆನೆಬಿಳುಪಿನ ದಪ್ಪ ಉಣ್ಣೆಯಲ್ಲಿ, ಹಗ್ಗ, ಜೇನುಗೂಡು, ವಜ್ರ, ಅಂಕುಡೊಂಕಿನ ಗೆರೆ ಮುಂತಾದ ಉಬ್ಬುಚಿತ್ತಾರಗಳನ್ನು ಪಟ್ಟೆಪಟ್ಟೆಯಾಗಿ ಹೊಂದಿಸಿ ಕೈಯಿಂದ ಹೆಣೆದ ಸ್ವೆಟರು ಅದು.

ಈ ಸ್ವೆಟರನ್ನು ಕೊಂಡವರಿಗೆ ಅದರೊಡನೆ ಒಂದು ಕಥೆಯೂ ದೊರೆಯುತ್ತದೆ. ದ್ವೀಪದ ಒಂದೊಂದು ಮನೆತನಕ್ಕೂ ಒಂದೊಂದು ಹೆಣಿಗೆಯುಂಟಂತೆ. ಅದು ತಾಯಿಯಿಂದ ಮಗಳಿಗೆ ಬಂದುದು, ಹೊರಗಿನವರಿಗೆ ಹೇಳಿಕೊಡತಕ್ಕುದಲ್ಲವಂತೆ. ಕಡಲಿಗೆ ಹೋದವನು ಮುಳುಗಿ, ವಾರಗಳ ಮೇಲೆ ಯಾವುದೋ ದೂರದ ದಡದಲ್ಲಿ ಮುಖದ ಗುರುತು ಸಿಕ್ಕದಂತಾಗಿ ತೇಲಿಬಂದರೆ, ಮೈಮೇಲಿನ ಹೆಣಿಗೆಯನ್ನು ನೋಡಿ ಇವನು ಇಂಥ ಮನೆಯ ಮಗನೆಂದು ತಿಳಿದು ಹೆಣವನ್ನು ಅವರಿಗೆ ಒಪ್ಪಿಸುತ್ತಿದ್ದರಂತೆ. ಹಗ್ಗದ ಹೆಣಿಗೆ ಮೀನುಗಾರನ ಹಗ್ಗಕ್ಕೆ ಸಂಕೇತ, ಜೇನುಗೂಡು ಜೇನ್ನೊಣದ ದುಡಿಮೆಗೆ, ವಜ್ರ ಸಂಪತ್ತಿಗೆ, ಅಂಕುಡೊಂಕು ಗೆರೆ ಗಂಡಹೆಂಡಿರ ಸಂಸಾರದ ಏಳುಬೀಳಿಗೆ. ಇದೆಲ್ಲವೂ ಸಾವಿರಾರು ವರ್ಷಗಳಿಂದ ನಡೆದುಬಂದುದೆಂದು ಕೊರಳಪಟ್ಟಿಯಲ್ಲಿ ತೂಗುವ ಚೀಟಿ ಹೇಳುತ್ತದೆ. ಪ್ರವಾಸದ ಪುಸ್ತಕಗಳು ಹೇಳುತ್ತವೆ. ಓದಿದ ಜನರೂ ಅದನ್ನು ಕಣ್ಣಲ್ಲಿ ನೀರು ತಂದುಕೊಂಡು ಒಬ್ಬರಿಗೊಬ್ಬರು ಹೇಳುತ್ತಾರೆ.

ಕಥೆ ಹೃದಯಂಗಮವಾಗಿದೆ. ಆದರೆ ಅದು ನಿಜವಲ್ಲ. ನಿಜವಲ್ಲದ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ, ಒಂದು ಉಣ್ಣೆಯ ಅಂಗಿಯ ಮೇಲಿನ ಕಥೆಗೆ ಇಷ್ಟು ರೋಷವೇಕೆ ಎಂದು ಯಾರಾದರೂ ಕೇಳಬಹುದು. ಆ ಕಥೆಯ ವೆಚ್ಚವನ್ನು ಹೊತ್ತವರು ಯಾರೆಂಬುದನ್ನು ನೋಡಿದರೆ ರೋಷದ ಕಾರಣ ತಿಳಿದೀತು. ಆ ವಿಷಯ ಮುಂದೆ ಬರುತ್ತದೆ. ಮೊದಲು ಕಥೆಯ ಹುಟ್ಟನ್ನು ವಿಚಾರಿಸಬೇಕು.

ಜಾನ್ ಮಿಲಿಂಗ್ಟನ್ ಸಿಂಜ್ ಎಂಬ ಐರಿಷ್ ನಾಟಕಕಾರನು 1898ರಲ್ಲಿ ಮೊದಲ ಬಾರಿಗೆ ಅರಾನಿಗೆ ಹೋದನು. ಮುಂದೆಯೂ ಕೆಲವು ವರ್ಷ ಅಲ್ಲಿಗೆ ಹೋಗಿ ಬಂದನು. ಅಲ್ಲಿ ಕಂಡುಕೇಳಿದುದರ ಫಲವಾಗಿ ಹುಟ್ಟಿದ ‘ರೈಡರ್ಸ್ ಟು ದಿ ಸೀ’ ಎಂಬ ಏಕಾಂಕ ನಾಟಕವು 1904ರಲ್ಲಿ ಡಬ್ಲಿನ್ ನಗರದಲ್ಲಿ ರಂಗಕ್ಕೆ ಬಂದಿತು. ಗಂಡನನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕಡಲಿಗೆ ಕೊಟ್ಟ ಮುದುಕಿಯೊಬ್ಬಳ ದುಃಖ ಅದರ ವಸ್ತು. ಅದರಲ್ಲಿ ಡಾನಿಗಾಲಿನ ಕಡೆ ತೇಲಿಬಂದ ಒಂದು ಹೆಣದಿಂದ ತೆಗೆದ ಅಂಗಿಯನ್ನೂ ಕಾಲುಚೀಲವನ್ನೂ ಪಾದ್ರಿಯು ಆ ಮನೆಗೆ ಕಳುಹಿಸುತ್ತಾನೆ. ಅಕ್ಕತಂಗಿಯರಿಬ್ಬರು ತಾಯಿಗೆ ತಿಳಿಯದಂತೆ ಗಂಟು ಬಿಚ್ಚಿ ನೋಡುತ್ತಾರೆ. ಸ್ವೆಟರಿನ ಕಥೆಯೆಲ್ಲ ಮೊಳೆತುದು ಈ ಒಂದು ದೃಶ್ಯದಿಂದಲೇ.

ಆದರೆ ದೃಶ್ಯದಲ್ಲಿ ನಿಜವಾಗಿ ನಡೆಯುವುದೇನು? ಮೊದಲನೆಯದಾಗಿ, ಅಲ್ಲಿ ಸ್ವೆಟರೇ ಇಲ್ಲ. ಇರುವುದು ಚಿತ್ತಾರವಿಲ್ಲದ ಸಾದಾ ಕಾಲುಚೀಲ. ತಂಗಿಯು ಅದರ ಕುಣಿಕೆಗಳನ್ನು ಎಣಿಸುತ್ತಾಳೆ, ತಾನು ಅರವತ್ತು ಕುಣಿಕೆ ಹಾಕಿ ನಾಲ್ಕನ್ನು ಬಿಟ್ಟಿದ್ದೆನೆಂಬುದು ಅವಳಿಗೆ ನೆನಪಿದೆ, ಲೆಕ್ಕ ಸರಿಹೋಗುತ್ತದೆ, ಅಣ್ಣ ಸತ್ತನೆಂದು ತಿಳಿಯುತ್ತದೆ. ಅವಳು ಗುರುತಿಸಿದ್ದು ಮನೆತನದ ಲಾಂಛನವನ್ನಲ್ಲ, ತನ್ನ ಕೈಯ ಕೆಲಸವನ್ನು. ಅಂಗಿಯ ವಿಷಯದಲ್ಲಿಯಂತೂ ಅಕ್ಕತಂಗಿಯರೇ ಸಂದೇಹಪಡುತ್ತಾರೆ: ಇಂಥ ಬಟ್ಟೆಯ ಸುರುಳಿಗಳು ಗಾಲ್ವೆಯ ಅಂಗಡಿಗಳಲ್ಲಿ ಬೇಕಾದಷ್ಟಿವೆ, ಇನ್ನಾರೋ ತೊಟ್ಟಿರಬಹುದಲ್ಲ ಎಂದು. ಉಡುಪಿನಿಂದ ಮನುಷ್ಯನನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದನ್ನು ಹೇಳುವ ನಾಟಕವನ್ನೇ, ಅದು ಸುಲಭವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ!

ಇನ್ನು ಸಿಂಜ್ ಕಣ್ಣಾರೆ ಕಂಡುದೇನು? 1907ರಲ್ಲಿ ಪ್ರಕಟವಾದ ಅವನ ‘ದಿ ಅರಾನ್ ಐಲೆಂಡ್ಸ್’ ಎಂಬ ಗ್ರಂಥದಲ್ಲಿ ದ್ವೀಪದವರ ಉಡುಪಿನ ವರ್ಣನೆಯಿದೆ. ದೊಡ್ಡ ದ್ವೀಪದಲ್ಲಿ ಎಳೆಯ ಗಂಡಸರು ಅನೇಕರು ಮೀನುಗಾರರ ಸಾಮಾನ್ಯ ಜರ್ಸಿಯನ್ನು ತೊಡಲು ಆರಂಭಿಸಿದ್ದಾರೆಂದೂ, ನಡುವಣ ದ್ವೀಪದಲ್ಲಿ ತಾನು ಅಂಥದೊಂದನ್ನು ಮಾತ್ರ ಕಂಡೆನೆಂದೂ ಅವನು ಬರೆಯುತ್ತಾನೆ. ಸಾವಿರಾರು ವರ್ಷಗಳ ಸಂಪ್ರದಾಯವೆಂದು ಹೇಳುವ ಉಡುಪು, ಅಷ್ಟು ಸೂಕ್ಷ್ಮವಾಗಿ ನೋಡುವವನ ಕಣ್ಣಿಗೆ ಹೊಸದಾಗಿ ಬಂದ ಪದಾರ್ಥವಾಗಿ ಕಂಡಿತು. ಒಂದು ದ್ವೀಪದಲ್ಲಿ ಒಂದೇ ಒಂದು ಕಂಡಿತು. ಡಾನಿಗಾಲಿನಲ್ಲಿ ತೇಲಿದ ಹೆಣದ ವೃತ್ತಾಂತವೂ ಅದೇ ಗ್ರಂಥದಲ್ಲಿದೆ. ಅವನ ಮೈಮೇಲೆ ಇದ್ದುದು ಗೆರೆಯ ಅಂಗಿ, ಕಾಲಿನಲ್ಲಿ ಹಸಿಚರ್ಮದ ಒಂದು ಕೆರ, ಜೇಬಿನಲ್ಲಿ ಹಣದ ಚೀಲ, ಹೊಗೆಸೊಪ್ಪಿನ ಡಬ್ಬಿ. ಅವನು ಯಾರೆಂದು ಮೂರು ದಿನ ದ್ವೀಪದವರು ತರ್ಕಿಸಿದರು. ಇಲ್ಲಿಯವನೆಂದು ಕೆಲವರು, ತೆಂಕಣ ದ್ವೀಪದವನೆಂದು ಕೆಲವರು. ಕೊನೆಗೆ ಸತ್ತವನ ತಂಗಿಯು ಅವನ ಬಟ್ಟೆಬರೆ, ಹಣದ ಚೀಲ ಎಂಥದು, ಎಲ್ಲಿ ತಂದದ್ದು, ಡಬ್ಬಿ ಎಂಥದು, ಕಾಲುಚೀಲ ಎಂಥದು ಎಂದು ಒಂದೊಂದನ್ನೇ ನೆನೆದು ಜೋಡಿಸಿ, ಅವನು ತನ್ನ ಅಣ್ಣನೇ ಎಂಬ ನಿರ್ಣಯಕ್ಕೆ ಬಂದಳು. ಮನೆತನಕ್ಕೊಂದು ಹೆಣಿಗೆ ಇದ್ದಿದ್ದರೆ ಮೂರು ದಿನದ ತರ್ಕವೇಕೆ? ಮೂರು ಕ್ಷಣ ಸಾಕಾಗಿತ್ತು.

ಹಾಗಾದರೆ ಸ್ವೆಟರು ಎಲ್ಲಿಂದ ಬಂದಿತು? 1891ರಲ್ಲಿ ಬ್ರಿಟಿಷ್ ಸರ್ಕಾರವು ಐರ್ಲೆಂಡಿನ ಪಶ್ಚಿಮದ ಬಡ ಜಿಲ್ಲೆಗಳಿಗಾಗಿ ಒಂದು ಮಂಡಲಿಯನ್ನು ಸ್ಥಾಪಿಸಿತು. ಆ ಮಂಡಲಿಯು ಅರಾನಿನಲ್ಲಿ ಮೀನುಗಾರಿಕೆಯನ್ನು ಬೆಳೆಸಲು ಪೂರ್ವತೀರದ ಆರ್ಕ್ಲೋದಿಂದ ದೋಣಿಗಳನ್ನೂ ಪಳಗಿದ ಮೀನುಗಾರರನ್ನೂ ತರಿಸಿತು. ಹೊರಗಿನ ಮೀನುಗಾರರ ಸಂಪರ್ಕದೊಡನೆ ಅವರ ಜರ್ಸಿಯ ಪರಿಚಯವೂ ಆಯಿತು. ಆ ಜರ್ಸಿಯನ್ನು ಕಂಡ ದ್ವೀಪದ ಹೆಂಗಸರು ಅದನ್ನು ನಕಲು ಮಾಡಿ ಸುಮ್ಮನಾಗಲಿಲ್ಲ. 20ನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಯಾವ ಚಿತ್ರಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಅವರು ಅದನ್ನು ಬೇರೆಯ ವಸ್ತುವನ್ನಾಗಿ ಮಾಡಿಬಿಟ್ಟರು. ಕಥೆಗಾರರು ಮುಚ್ಚಿಟ್ಟ ನಿಜವಾದ ಅದ್ಭುತ ಇದು.

ಆ ಮೂಲಜರ್ಸಿ ಎಂಥದೆಂಬುದನ್ನು ತಿಳಿದರೆ ಮಾತ್ರ ಹೆಂಗಸರ ಸಾಹಸ ತಿಳಿಯುತ್ತದೆ. ಇಂಗ್ಲೆಂಡು, ಸ್ಕಾಟ್ಲೆಂಡುಗಳ ತೀರಗಳಲ್ಲಿ ಅದಕ್ಕೆ ಗಾನ್ಸಿ ಎಂದು ಹೆಸರು. ಗರ್ನ್ಸಿ ದ್ವೀಪದ ಹೆಸರಿನ ಅಪಭ್ರಂಶ. ಐದೆಳೆಯ ಬಿಗಿಯಾದ ಕಡುನೀಲಿ ನೂಲು. ಸಪೂರವಾದ ಉಕ್ಕಿನ ಕಡ್ಡಿಗಳು. ಗಾಳಿಯೂ ತುಂತುರೂ ಸುಲಭವಾಗಿ ನುಗ್ಗದ ಒತ್ತಾದ ಹೆಣಿಗೆ. ಮೈಯನ್ನು ನಾಲ್ಕೈದು ಕಡ್ಡಿಗಳ ಮೇಲೆ ಸುತ್ತುಸುತ್ತಾಗಿ ಹೆಣೆಯುವುದರಿಂದ ಪಕ್ಕದಲ್ಲಿ ಹೊಲಿಗೆಯೇ ಇಲ್ಲ. ಕಂಕುಳಲ್ಲಿ ವಜ್ರಾಕಾರದ ಒಂದು ತುಂಡನ್ನು ಹೆಣಿಗೆಯಲ್ಲಿಯೇ ಕೂಡಿಸುತ್ತಾರೆ. ಬಲೆ ಎಳೆಯಲು ತೋಳೆತ್ತಿದಾಗ ಅಂಗಿ ಮೇಲಕ್ಕೆ ಜಗ್ಗದಿರಲೆಂದು. ಮುಂದುಗಡೆ ಹಿಂದುಗಡೆ ಎಂಬ ಭೇದವಿಲ್ಲದಂತೆ ಹೆಣೆಯುವುದೂ ಉಂಟು. ಇಂದು ಎದೆಯ ಕಡೆ ಇದ್ದುದನ್ನು ನಾಳೆ ಬೆನ್ನಿಗೆ ತಿರುಗಿಸಿ ತೊಟ್ಟರೆ ಸವಕಲು ಒಂದೇ ಕಡೆ ಬೀಳುವುದಿಲ್ಲ. ಎಲ್ಲಕ್ಕಿಂತ ಜಾಣತನದ್ದು ತೋಳು. ಅದನ್ನು ಬೇರೆಯಾಗಿ ಹೆಣೆದು ಜೋಡಿಸುವುದಿಲ್ಲ; ಭುಜದ ಬಳಿ ಕುಣಿಕೆಗಳನ್ನು ಎತ್ತಿಕೊಂಡು ಮಣಿಕಟ್ಟಿನ ಕಡೆಗೆ ಇಳಿಯುತ್ತ ಹೆಣೆಯುತ್ತಾರೆ. ಉಪ್ಪುನೀರಿನಲ್ಲಿಯೂ ಹಗ್ಗದ ಉಜ್ಜಾಟದಲ್ಲಿಯೂ ಮೊದಲು ಹರಿಯುವುದು ಮಣಿಕಟ್ಟು. ಹರಿದಷ್ಟನ್ನು ಬಿಚ್ಚಿ ಹೊಸ ನೂಲಿನಲ್ಲಿ ಮತ್ತೆ ಹೆಣೆದರಾಯಿತು. ಚಿತ್ತಾರವೆಲ್ಲ ಸಾಮಾನ್ಯವಾಗಿ ಎದೆಯ ಮೇಲ್ಭಾಗದಲ್ಲಿ ಮಾತ್ರ ಇರುವುದಕ್ಕೂ ಕಾರಣ ಇದೇ. ಕೆಳಭಾಗ ಬಿಚ್ಚಿ ಹೆಣೆಯಲು ಸುಲಭವಾಗಿರಬೇಕು. ಇದು ಬಡವರ ಮನೆಯ ಯಂತ್ರಶಾಸ್ತ್ರ.

ಗಾನ್ಸಿಯ ಇನ್ನೊಂದು ವಿವರವನ್ನು ಕಥೆಗಾರರು ಎಂದೂ ಎತ್ತುವುದಿಲ್ಲ. ಅನೇಕ ಹಳೆಯ ಗಾನ್ಸಿಗಳಲ್ಲಿ ಕೆಳಅಂಚಿನ ಮೇಲ್ಗಡೆ ತೊಡುವವನ ಹೆಸರಿನ ಮೊದಲಕ್ಷರಗಳನ್ನು ಹೆಣೆದಿರುತ್ತಾರೆ. ಚಿತ್ತಾರವನ್ನು ನೋಡಿದೊಡನೆ ಮನೆ ತಿಳಿಯುವಂತಿದ್ದರೆ ಅಕ್ಷರಗಳ ಅವಶ್ಯಕತೆ ಏನಿತ್ತು?

ಒಂದು ಊರಿನವರಿಗೆ ಕೆಲವು ಚಿತ್ತಾರಗಳ ಮೇಲೆ ಹೆಚ್ಚು ಮೆಚ್ಚಿಕೆ ಇದ್ದಿತೆಂಬುದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಚಿತ್ತಾರಗಳು ಊರಿನಲ್ಲಿ ಕಟ್ಟಿಬಿದ್ದಿರಲಿಲ್ಲ. ಹೆರಿಂಗ್ ಮೀನಿನ ಸುಗ್ಗಿಯಲ್ಲಿ ಸ್ಕಾಟ್ಲೆಂಡಿನ ಹುಡುಗಿಯರು ಮೀನು ಸೀಳಿ ಉಪ್ಪು ಹಾಕುವ ಕೂಲಿಗಾಗಿ ಬಂದರಿನಿಂದ ಬಂದರಿಗೆ, ಉತ್ತರದ ಶೆಟ್ಲೆಂಡಿನಿಂದ ಇಂಗ್ಲೆಂಡಿನ ಯಾರ್ಮತ್ ತನಕ, ಗುಂಪುಗೂಡಿ ಹೋಗುತ್ತಿದ್ದರು. ಬಿಡುವಿನಲ್ಲಿ, ನಡೆಯುವಾಗಲೂ, ಅವರ ಕೈಯಲ್ಲಿ ಹೆಣಿಗೆ ಇರುತ್ತಿದ್ದಿತು. ಪಕ್ಕದವಳ ಕಡ್ಡಿಯ ಮೇಲಿನ ಹೊಸ ಚಿತ್ತಾರವನ್ನು ನೋಡಿ ಕಲಿಯದ ಹೆಂಗಸು ಯಾವ ದೇಶದಲ್ಲಿದ್ದಾಳೆ? ಕಾರ್ನ್‌ವಾಲಿನ ಹೆಂಗಸರು ವರ್ತಕರಿಗಾಗಿ ಗುತ್ತಿಗೆಯ ಮೇಲೆ ಹೆಣೆಯುತ್ತಿದ್ದರು. ಅವರು ಹೆಣೆದುದನ್ನು ಯಾರು ತೊಟ್ಟರೋ ಅವರಿಗೇ ತಿಳಿಯದು. ಗ್ಲಾಡಿಸ್ ಥಾಂಪ್ಸನ್ ಎಂಬಾಕೆ ಬಂದರು ಬಂದರುಗಳನ್ನು ಸುತ್ತಿ, ಮುದುಕಿಯರನ್ನೂ ಮೀನುಗಾರರನ್ನೂ ಕಂಡು, ಅವರ ಮೈಮೇಲಿನ ಚಿತ್ತಾರಗಳನ್ನು ಬರೆದುಕೊಂಡು 1955ರಲ್ಲಿ ಒಂದು ಗ್ರಂಥವನ್ನು ಹೊರತಂದಳು. ಈ ವಿಷಯದಲ್ಲಿ ಬೆವರು ಸುರಿಸಿ ಕೆಲಸ ಮಾಡಿದವರು ಇಂಥವರು; ಆದರೆ ಕೀರ್ತಿ ಮಾತ್ರ ಮೇಜಿನ ಮುಂದೆ ಕುಳಿತು ಕನಸು ಕಂಡವರಿಗೆ ಹೋಯಿತು.

ಅರಾನಿನ ಹೆಂಗಸರು ಮಾಡಿದುದನ್ನು ಈಗ ನೋಡಬಹುದು. ಗಾನ್ಸಿಯ ಚಿತ್ತಾರ ಬಹುಮಟ್ಟಿಗೆ ಎರಡು ಕುಣಿಕೆಗಳ ಆಟ: ಮುಂದಕ್ಕೆ ಮುಖವಿರುವ ಕುಣಿಕೆ, ಹಿಂದಕ್ಕೆ ಮುಖವಿರುವ ಕುಣಿಕೆ. ಅರಾನಿನವರು ಸಪೂರ ನೂಲನ್ನು ಬಿಟ್ಟು, ತಮ್ಮ ಗಂಡಸರ ಬಿಳಿಯ ಉಣ್ಣೆಬಟ್ಟೆಗೆ ಒಪ್ಪುವಂಥ, ಬಣ್ಣ ಕಾಣದ ದಪ್ಪ ನೂಲನ್ನು ಹಿಡಿದರು. ಕಪ್ಪುನೀಲಿಯಲ್ಲಿ ಅಡಗುವ ಚಿತ್ತಾರ ಬಿಳುಪಿನಲ್ಲಿ ನೆರಳು ಬೆಳಕಾಗಿ ಎದ್ದು ನಿಂತಿತು. ಹಗ್ಗದ ಹೆಣಿಗೆ ಹೀಗೆ: ಆರು ಕುಣಿಕೆಗಳಲ್ಲಿ ಮೊದಲ ಮೂರನ್ನು ಮತ್ತೊಂದು ಕಡ್ಡಿಗೆ ಸರಿಸಿ ಮುಂದುಗಡೆ ತೂಗಬಿಟ್ಟು, ಮುಂದಿನ ಮೂರನ್ನು ಹೆಣೆದು, ಆಮೇಲೆ ತೂಗಬಿಟ್ಟ ಮೂರನ್ನು ಹೆಣೆಯುವುದು. ಕಡ್ಡಿಯನ್ನು ಮುಂದೆ ತೂಗಬಿಟ್ಟರೆ ಹಗ್ಗದ ಹುರಿ ಎಡಕ್ಕೆ ವಾಲುತ್ತದೆ. ಹಿಂದೆ ಬಿಟ್ಟರೆ ಬಲಕ್ಕೆ. ಹಲವು ಸಾಲುಗಳಿಗೊಮ್ಮೆ ಹೀಗೆ ದಾಟಿಸುತ್ತ ಹೋದರೆ ಹಗ್ಗ ಹೊಸೆಯುತ್ತ ಹೋಗುತ್ತದೆ. ಜೇನುಗೂಡಿಗೆ ಎಂಟು ಕುಣಿಕೆಗಳ ಒಂದು ಗುಂಪು: ನಾಲ್ಕನ್ನು ಬಲಕ್ಕೆ, ನಾಲ್ಕನ್ನು ಎಡಕ್ಕೆ ದಾಟಿಸಿ, ನಾಲ್ಕು ಸಾಲುಗಳ ಮೇಲೆ ದಿಕ್ಕನ್ನು ಅದಲುಬದಲು ಮಾಡುವುದು. ಹೇಳುವುದು ಸುಲಭ. ಆದರೆ ದಾಟಿಸಿದ ಪ್ರತಿಯೊಂದು ಕಡೆಯಲ್ಲಿಯೂ ಹೆಣಿಗೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಸಾದಾ ಹೆಣಿಗೆಯ ಅಗಲಕ್ಕೆ ಬೇಕಾದುದಕ್ಕಿಂತ ಎಷ್ಟು ಕುಣಿಕೆ ಹೆಚ್ಚು ಬೇಕು. ನಡುವೆ ಜೇನುಗೂಡು, ಅದರ ಎರಡು ಕಡೆ ಒಂದಕ್ಕೊಂದು ಪ್ರತಿಬಿಂಬವಾಗುವ ಹಗ್ಗಗಳು, ಆಚೆಗೆ ವಜ್ರ, ಅಂಚಿಗೆ ಗೆರೆ. ಒಂದು ಆರು ಸಾಲಿಗೆ ಮರಳಿದರೆ ಇನ್ನೊಂದು ಎಂಟಕ್ಕೆ, ಮತ್ತೊಂದು ಇಪ್ಪತ್ತಕ್ಕೆ. ಇವೆಲ್ಲ ಕೊರಳಿನ ಬಳಿ ಒಪ್ಪವಾಗಿ ಮುಗಿಯಬೇಕು. ಈ ಲೆಕ್ಕವನ್ನೆಲ್ಲ ಕಾಗದವಿಲ್ಲದೆ, ಒಲೆಯ ಬೆಳಕಿನಲ್ಲಿ, ತಲೆಯೊಳಗೆ ಇಟ್ಟುಕೊಂಡು ಹೆಣೆದವಳನ್ನು ಶಿಲ್ಪಿಯೆಂದು ಕರೆಯದೆ ಬೇರೆ ಏನೆಂದು ಕರೆಯಬೇಕು?

ಬಿಳಿಯ ದಪ್ಪ ಸ್ವೆಟರು ದೋಣಿಯ ಕೆಲಸಕ್ಕೆ ಅಷ್ಟಾಗಿ ಹೊಂದುವ ಉಡುಪೂ ಅಲ್ಲ. ಕೊಳೆ ಕಾಣುತ್ತದೆ, ಉಬ್ಬುಗಳು ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ, ನೆನೆದರೆ ಭಾರ. ಅದರ ಸೊಬಗೆಲ್ಲ ಕಣ್ಣಿಗಾಗಿ ಮಾಡಿದುದು. ಅಲಂಕಾರಕ್ಕಾಗಿ ಅಲಂಕಾರ ಮಾಡುವ ಹಕ್ಕು ಬಡ ಹೆಂಗಸಿಗಿಲ್ಲವೆಂದು ತಿಳಿದವರೇ ಅದರಲ್ಲಿ ಸಾವಿನ ಗುರುತನ್ನೂ ವೇದಾಂತವನ್ನೂ ಹುಡುಕಹೊರಟರು.

ಹುಡುಕಿದವರಲ್ಲಿ ಅಗ್ರಗಣ್ಯನು ಹೈನ್ಜ್ ಎಡ್ಗರ್ ಕೀವೆ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೂಲಿನ ಅಂಗಡಿ ನಡೆಸಿದವನು. 1936ರಲ್ಲಿ ಡಬ್ಲಿನ್ನಿನಲ್ಲಿ ಅವನಿಗೆ ಇಂಥದೊಂದು ಬಿಳಿಯ ಸ್ವೆಟರು ದೊರೆಯಿತು. ದ್ವೀಪದ ಹೆಂಗಸರ ಕೈಕೆಲಸ ಆಗ ತಾನೆ ಡಬ್ಲಿನ್ನಿನಲ್ಲಿ ಮಾರಾಟಕ್ಕೆ ಬರುತ್ತಿದ್ದಿತು. ಮ್ಯೂರಿಯಲ್ ಗಹನ್ ಎಂಬ ಮಹಿಳೆ 1930ರಲ್ಲಿ ಹಳ್ಳಿಯ ಕೈಕೆಲಸಗಳಿಗಾಗಿ ಅಲ್ಲಿ ಅಂಗಡಿ ತೆರೆದಿದ್ದಳು. ಕೀವೆ ತಾನು ಕೊಂಡುದನ್ನು ಹೆಣಿಗೆಯ ಪಂಡಿತೆ ಮೇರಿ ಥಾಮಸಳಿಗೆ ತೋರಿಸಿದನು. ಆಕೆ ಅದರ ಚಿತ್ರವನ್ನು 1943ರ ತನ್ನ ಗ್ರಂಥದಲ್ಲಿ ಅಚ್ಚುಹಾಕಿಸಿದಳು. ಇಷ್ಟಕ್ಕೇ ನಿಂತಿದ್ದರೆ ಅವನಿಗೆ ಲೋಕವು ಕೃತಜ್ಞವಾಗಿರಬಹುದಾಗಿದ್ದಿತು. ಆದರೆ ಕೀವೆಗೆ ಆ ಬಿಳುಪಿನಲ್ಲಿ ಬೈಬಲ್ಲು ಕಂಡಿತು. ಸುಮಾರು ಕ್ರಿ.ಶ. 800ರ ಕೆಲ್ಸ್ ಗ್ರಂಥವೆಂಬ ಪವಿತ್ರ ಹಸ್ತಪ್ರತಿಯ ಬಣ್ಣದ ಚಿತ್ರದಲ್ಲಿ ಅರಾನ್ ಸ್ವೆಟರನ್ನು ತೊಟ್ಟ ಮನುಷ್ಯ ಕಂಡನು. ಹಳೆಯ ಸಂನ್ಯಾಸಿಗಳೂ ಅವರ ಸಂಕೇತಗಳೂ ಒಂದೊಂದು ಕುಣಿಕೆಯಲ್ಲಿಯೂ ಕಂಡುವು. ಇದನ್ನೆಲ್ಲ ಸೇರಿಸಿ 1967ರಲ್ಲಿ ಹೆಣಿಗೆಯ ಪವಿತ್ರ ಚರಿತ್ರೆಯೆಂಬ ಅರ್ಥದ ಹೆಸರಿಟ್ಟು ಪುಸ್ತಕವನ್ನೇ ಬರೆದನು.

ಯೂರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಹೆಣಿಗೆಗಳೆಂದು ಹೆಸರಾದವು ಸ್ಪೇನಿನ ರಾಜಸಮಾಧಿಯೊಂದರಲ್ಲಿ ದೊರೆತ ತಲೆದಿಂಬುಗಳು. ಅವು 13ನೆಯ ಶತಮಾನದವು. ಕೆಲ್ಸ್ ಗ್ರಂಥಕ್ಕೂ ಅವಕ್ಕೂ ನಡುವೆ ಸುಮಾರು ನಾಲ್ಕೂವರೆ ಶತಮಾನ. ಚಿತ್ರಕಾರನು ಬಿಡಿಸಿದ ಗೆರೆಗಳನ್ನು ಸ್ವೆಟರೆಂದು ಓದುವವನು, ದೇವಸ್ಥಾನದ ಕಂಬದ ಮೇಲಿನ ಸುರುಳಿಯನ್ನು ಗಡಿಯಾರದ ಸ್ಪ್ರಿಂಗೆಂದೂ ಓದಬಹುದು! ಹೆಣಿಗೆಯ ಚರಿತ್ರೆಯನ್ನು ಪ್ರಮಾಣಬದ್ಧವಾಗಿ ಬರೆದ ಬಿಷಪ್ ರಿಚರ್ಡ್ ರಟ್ ಮಹಾಶಯನು 1987ರಲ್ಲಿ ಈ ಕಟ್ಟಡವನ್ನು ಕೆಡವಿದನು. 1997ರಲ್ಲಿ ಆಲಿಸ್ ಸ್ಟಾರ್ಮೋರ್, ತಾನೇ ಹೆಣಿಗೆಯ ಶ್ರೇಷ್ಠ ವಿನ್ಯಾಸಕಾರ್ತಿ, ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಸ್ವೆಟರುಗಳನ್ನು ಕುಣಿಕೆ ಕುಣಿಕೆಯಾಗಿ ಪರಿಶೀಲಿಸಿ, ಅವು 20ನೆಯ ಶತಮಾನದ ಜಾಣೆಯರ ಸೃಷ್ಟಿಯೆಂಬುದನ್ನು ತೋರಿಸಿದಳು. ಆದರೂ ಚೀಟಿ ಇಂದಿಗೂ ಕೊರಳಲ್ಲಿ ತೂಗುತ್ತಲೇ ಇದೆ.

ಇಲ್ಲಿ ಪೂರ್ವಪಕ್ಷದವರ ಮಾತನ್ನೂ ಕೇಳಬೇಕು. ಅದರಲ್ಲಿ ಸಾರವಿಲ್ಲದೆ ಇಲ್ಲ. ಕಥೆಯಿಂದ ಸ್ವೆಟರು ಮಾರಾಟವಾಯಿತು, ಬಡ ದ್ವೀಪಕ್ಕೆ ಹಣ ಬಂದಿತು ಎನ್ನುತ್ತಾರೆ. 1940ರ ದಶಕದಲ್ಲಿ ಇಂಗ್ಲೆಂಡಿನ ಪೇಟನ್ಸ್ ನೂಲಿನ ಸಂಸ್ಥೆಯವರು ಅರಾನ್ ಮಾದರಿಯನ್ನು ಅಚ್ಚುಮಾಡಿ ಮಾರಿದರು. 1950ರ ದಶಕದಲ್ಲಿ ಅಮೆರಿಕಕ್ಕೆ ರಫ್ತು ಆರಂಭವಾಯಿತು. 1961ರಲ್ಲಿ ಕ್ಲಾನ್ಸಿ ಸೋದರರೆಂಬ ಐರಿಷ್ ಗಾಯಕರು ಈ ಸ್ವೆಟರುಗಳನ್ನು ತೊಟ್ಟು ಅಮೆರಿಕದ ಟೆಲಿವಿಷನ್ನಿನಲ್ಲಿ ಹಾಡಿದ ಮೇಲೆ ಬೇಡಿಕೆಗೆ ಮಿತಿಯಿಲ್ಲದಾಯಿತು. ಕಥೆ ಕೇಳಿ ಕೊಂಡವನ ಹಣವೂ ಹಣವೇ. ಹೆಣಿಗೆಗಾರ್ತಿಯ ಮಗು ಅದರಿಂದಲೇ ಹಾಲು ಕುಡಿಯಿತು. ಮತ್ತೆ, ಹಳಮೆಯ ಹೆಮ್ಮೆ ಬಡ ಜನಕ್ಕೆ ಒಂದು ಊರೆಗೋಲು. ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯವಲ್ಲವೆ?

ಹಣ ಬಂದುದು ದಿಟ. ಗಾಯಕರ ಹಾಡಿಗೂ ಉಡುಪಿನ ಸೊಬಗಿಗೂ ಅದರಲ್ಲಿ ಪಾಲಿರಬಹುದು, ಮುಳುಗಿದವನ ಕಥೆಗೂ ಇರಬಹುದು. ಆದರೆ ಕಥೆಯು ಹೆಣಿಗೆಗಾರ್ತಿಯ ಬೆಲೆಗೆ ಮಾಡಿದುದೇನು? ಒಂದು ವಿನ್ಯಾಸ ಇಂಥವಳದೆಂದು ಒಪ್ಪಿದೊಡನೆ ಅವಳಿಗೆ ಎರಡು ಋಣ ಸಲ್ಲಬೇಕಾಗುತ್ತದೆ: ಕೈಯ ಕೂಲಿ ಒಂದು, ಬುದ್ಧಿಯ ಬೆಲೆ ಇನ್ನೊಂದು. ಅದೇ ವಿನ್ಯಾಸವು ಅನಾದಿ, ಮನೆತನದ್ದು, ಸಂನ್ಯಾಸಿಗಳು ಕೊಟ್ಟುದು, ಇವಳು ತಾಯಿ ಹೇಳಿಕೊಟ್ಟಂತೆ ಕೈಯಾಡಿಸುವವಳು ಎಂದುಬಿಟ್ಟರೆ ಎರಡನೆಯ ಋಣ ಒಡನೆಯೇ ವಜಾ ಆಗುತ್ತದೆ. ಯಾರದೂ ಅಲ್ಲದ ವಿನ್ಯಾಸವನ್ನು ಯಾರು ಬೇಕಾದರೂ ಅಚ್ಚುಮಾಡಬಹುದು, ಯಾವ ಯಂತ್ರಕ್ಕೆ ಬೇಕಾದರೂ ಹಾಕಬಹುದು. ಹಾಕಿಯೂ ಇದ್ದಾರೆ. ಇಂದು ಅರಾನ್ ಎಂದು ಮಾರುವುದರಲ್ಲಿ ಬಹುಪಾಲು ಯಂತ್ರದ ಹೆಣಿಗೆ. ಮಗನ ಹೆಣವನ್ನು ಗುರುತಿಸಿದ ತಾಯಿಯ ಕಥೆ ಹೊತ್ತ ಚೀಟಿ ಆ ಯಂತ್ರದ ಸ್ವೆಟರಿನ ಕೊರಳಲ್ಲಿಯೂ ಸಂಕೋಚವಿಲ್ಲದೆ ತೂಗುತ್ತದೆ. ಈಚೆಗಂತೂ ಐರಿಷ್ ಕುಲನಾಮಗಳ ಪಟ್ಟಿಯನ್ನಿಟ್ಟುಕೊಂಡು, ಇಂಥ ಹೆಸರಿಗೆ ಇಂಥ ಚಿತ್ತಾರವೆಂದು ಹಂಚಿ, ದೂರದೇಶದಲ್ಲಿ ನೆಲೆಸಿದವರಿಗೆ ಅವರವರ ‘ಕುಲದ ಸ್ವೆಟರು’ ಮಾರುವ ವ್ಯಾಪಾರವೂ ನಡೆದಿದೆ. ಊರೆಗೋಲೆಂದು ಹೇಳಿ ಕೈಗೆ ಹಗ್ಗದ ಹಾವನ್ನು ಕೊಟ್ಟ ಹಾಗಾಯಿತು.

ಇದು ಅರಾನಿನ ಒಂದೇ ಕಡೆಯ ಸಂಗತಿಯಲ್ಲ. ಸ್ಕಾಟ್ಲೆಂಡಿನ ಉತ್ತರದ ಫೇರ್ ದ್ವೀಪದ ಬಣ್ಣಬಣ್ಣದ ಹೆಣಿಗೆಗೂ ಇಂಥದೇ ಒಂದು ಕಥೆ ಅಂಟಿಕೊಂಡಿದೆ. 1588ರಲ್ಲಿ ಸ್ಪೇನಿನ ನೌಕಾಸೇನೆಯ ‘ಎಲ್ ಗ್ರಾನ್ ಗ್ರಿಫೋನ್’ ಎಂಬ ಹಡಗು ಆ ದ್ವೀಪದಲ್ಲಿ ಒಡೆದುದು ನಿಜವಾದ ಸಂಗತಿ. ಚಿತ್ತಾರಗಳನ್ನು ದ್ವೀಪದ ಹೆಂಗಸರಿಗೆ ಕಲಿಸಿದವರು ಆ ಹಡಗಿನ ಸ್ಪೇನಿನವರೆಂಬುದು ಕಥೆ. ಉಳಿದಿರುವ ಹಳೆಯ ಮಾದರಿಗಳು 19ನೆಯ ಶತಮಾನದವು. ನಡುವಣ ಮುನ್ನೂರು ವರ್ಷ ಸ್ಪೇನಿನ ಚಿತ್ತಾರ ಎಲ್ಲಿ ಅಡಗಿದ್ದಿತೋ! ಒಂದು ಸಾಲಿನಲ್ಲಿ ಎರಡೇ ಬಣ್ಣ, ಹಿಂದುಗಡೆ ಉದ್ದುದ್ದವಾಗಿ ನೂಲು ಜೋಲದಂತೆ ಬೇಗಬೇಗ ಬಣ್ಣ ಬದಲು, ಆದರೂ ನೋಡುವವನಿಗೆ ಹತ್ತು ಬಣ್ಣ ಒಟ್ಟಿಗೆ ಕುಣಿಯುವಂತೆ ಸಾಲಿನಿಂದ ಸಾಲಿಗೆ ಛಾಯೆಯನ್ನು ತಿರುಗಿಸುವ ಆ ಕೌಶಲವನ್ನು, ಹಸಿದು ಚಳಿಯಲ್ಲಿ ನಡುಗುತ್ತಿದ್ದ ಸ್ಪೇನಿನ ನಾವಿಕರು ಕಲಿಸಿದರೆಂದು ನಂಬುವುದು ಲೋಕಕ್ಕೆ ಸುಲಭವಾಯಿತು. ದ್ವೀಪದ ಹೆಂಗಸು ತಾನೇ ಯೋಚಿಸಿ ಮಾಡಿದಳೆಂದು ನಂಬುವುದು ಮಾತ್ರ ಕಷ್ಟವಾಯಿತು.

ಅದೇ ಶೆಟ್ಲೆಂಡಿನ ಹೆಂಗಸರ ಬದುಕು ಹೇಗಿತ್ತೆಂಬುದಕ್ಕೆ ಸರ್ಕಾರದ ಕಡತವೇ ಇದೆ. ಅಲ್ಲಿಯ ವರ್ತಕರು ಹೆಣಿಗೆಗೆ ಹಣ ಕೊಡದೆ ಚಹ, ಬಟ್ಟೆ ಮುಂತಾದ ಅಂಗಡಿಯ ಸಾಮಾನನ್ನೇ ಕೊಡುತ್ತಿದ್ದರು. ಈ ಪದ್ಧತಿಯನ್ನು ವಿಚಾರಿಸಲು ನೇಮಿಸಿದ ಆಯೋಗದ ಮುಂದೆ ಹೆಂಗಸರು ಬಂದು ಸಾಕ್ಷಿ ನುಡಿದರು. ವರದಿ 1872ರಲ್ಲಿ ಹೊರಬಂದಿತು. ಮನೆಯಲ್ಲಿ ಹಿಟ್ಟಿಲ್ಲದವಳಿಗೆ ಚಹದ ಪೊಟ್ಟಣ ಸಿಕ್ಕುತ್ತಿದ್ದಿತು. ಅದನ್ನು ಹಿಟ್ಟಿಗೆ ಬದಲಾಯಿಸಿಕೊಳ್ಳಲು ಅವಳು ಮತ್ತೊಬ್ಬರ ಬಾಗಿಲಿಗೆ ಹೋಗಬೇಕಾಗಿದ್ದಿತು. 1922ರಲ್ಲಿ ಇಂಗ್ಲೆಂಡಿನ ಯುವರಾಜನು ಫೇರ್ ದ್ವೀಪದ ಸ್ವೆಟರು ತೊಟ್ಟು ಸೇಂಟ್ ಆಂಡ್ರೂಸಿನ ಗಾಲ್ಫ್ ಮೈದಾನದಲ್ಲಿ ಕಾಣಿಸಿಕೊಂಡಾಗ ಶ್ರೀಮಂತರೆಲ್ಲ ಅದಕ್ಕೆ ಮುಗಿಬಿದ್ದರು. ತೊಟ್ಟವನ ಹೆಸರು ಚರಿತ್ರೆಯಲ್ಲಿದೆ, ಒಡೆದ ಹಡಗಿನ ಹೆಸರೂ ಇದೆ. ಹೆಣೆದವಳ ಹೆಸರನ್ನು ಫ್ಯಾಷನ್ನಿನ ಚರಿತ್ರೆ ಹೇಳುವುದಿಲ್ಲ.

ಅಚ್ಚಾದ ಮಾದರಿಗಳ ಗತಿಯೂ ಇದಕ್ಕಿಂತ ಬಹಳ ಉತ್ತಮವಾಗಿರಲಿಲ್ಲ. 1930, 1940ರ ದಶಕಗಳಲ್ಲಿ ನೂಲಿನ ಸಂಸ್ಥೆಗಳು ಹೊರಡಿಸಿದ ನಾಲ್ಕು ಪುಟದ ಹಾಳೆಗಳನ್ನು ಇಂದು ಆಸಕ್ತರು ಹಣ ಕೊಟ್ಟು ಸಂಗ್ರಹಿಸುತ್ತಾರೆ. ಅವುಗಳ ಮೇಲೆ ನೂಲಿನ ಹೆಸರು ದಪ್ಪಕ್ಷರದಲ್ಲಿದೆ, ಮಾದರಿಯ ಸಂಖ್ಯೆಯಿದೆ, ಕಡ್ಡಿಯ ಅಳತೆಯಿದೆ, ಎದೆಯ ಸುತ್ತಳತೆಯಿದೆ, ಮುಗುಳ್ನಗುವ ತರುಣಿಯ ಚಿತ್ರವಿದೆ. ಕುಣಿಕೆ ಕುಣಿಕೆಯಾಗಿ ಲೆಕ್ಕ ಹಾಕಿ ಅದನ್ನು ರಚಿಸಿದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕವಿತೆಯನ್ನು ಕವಿಯ ಹೆಸರಿಲ್ಲದೆ ಅಚ್ಚುಹಾಕಿದರೆ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆದೀತು.

ದುಃಖದ ಕಥೆಯನ್ನು ಬಿಟ್ಟುಕೊಡಲೊಲ್ಲದವರು ಸಿಂಜನ ನಾಟಕವನ್ನೇ ಇನ್ನೊಮ್ಮೆ ಓದಲಿ. ಅಣ್ಣನ ಕಾಲುಚೀಲವನ್ನು ಕೈಯಲ್ಲಿ ಹಿಡಿದ ಆ ಹುಡುಗಿಗೆ ಯಾವ ಸಂನ್ಯಾಸಿಯ ಸಂಕೇತವೂ ಬೇಕಾಗಲಿಲ್ಲ. ತಾನು ಹಾಕಿದ ಅರವತ್ತು, ತಾನು ಬಿಟ್ಟ ನಾಲ್ಕು ಸಾಕಾದುವು. ಐರ್ಲೆಂಡಿನ ಮೇಯೋ ಪ್ರಾಂತದ ಕ್ಯಾಸಲ್‌ಬಾರ್ ಊರಿನ ಬಳಿ 2001ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಾಖೆ ಹಳ್ಳಿಯ ಬದುಕಿಗೇ ಮೀಸಲಾದುದು. ಅರಾನಿನ ಹಳೆಯ ಸ್ವೆಟರುಗಳು ಆ ಸಂಗ್ರಹಾಲಯದವರ ವಶದಲ್ಲಿವೆ. ದ್ವೀಪದಲ್ಲಿ ಹೆಣಿಗೆ ಬಲ್ಲ ಹೆಂಗಸರು ಇನ್ನೂ ಇದ್ದಾರೆ. ಮಾರುವವರು ಚೀಟಿಯ ಮೇಲಿನ ಹೆಣವನ್ನು ತೆಗೆದು, ಆ ಜಾಗದಲ್ಲಿ ಹೆಣೆದವಳ ಒಪ್ಪಿಗೆ ಪಡೆದು ಅವಳ ಹೆಸರನ್ನೂ ಅವಳಿಗೆ ಸಂದ ಕೂಲಿಯನ್ನ���ೂ ಅಚ್ಚುಹಾಕಲಿ. ಯಂತ್ರದ್ದಾದರೆ ಯಂತ್ರದ್ದೆಂದು ಬರೆಯಲಿ. ಚೀಟಿಯಲ್ಲಿ ಅಷ್ಟಕ್ಕೆ ಧಾರಾಳವಾಗಿ ಸ್ಥಳವಿದೆ.